50ಕ್ಕೆ ಇಳಿದ ಕ್ಯಾರಿಬೂ ಹಿಂಡಿಗೆ ಹೊರಗಿನಿಂದ ಹೊಸ ರಕ್ತ ಸೇರಿಸಿದರೆ ಅದು ಉಳಿಯುತ್ತದೆಯೇ?

ನೀವು ಕೇಳಿರುವುದು ಎರಡು ಪ್ರಶ್ನೆ. ಕೆನಡಾದ ಬೆಟ್ಟಸಾಲಿನಲ್ಲಿ ಐವತ್ತಕ್ಕೆ ಇಳಿದಿರುವ ಕ್ಯಾರಿಬೂ (ಹಿಮಸಾರಂಗ) ಹಿಂಡು ನಶಿಸುತ್ತಿರುವುದು ಹತ್ತಿರದ ಸಂಬಂಧಿಗಳೇ ಕೂಡುವ ಇನ್‌ಬ್ರೀಡಿಂಗ್‌ನಿಂದಲೇ? ಬೇರೆ ಹಿಂಡಿನ ಪ್ರಾಣಿಗಳನ್ನು ತಂದು ಬಿಟ್ಟರೆ ಸರಿಹೋಗುತ್ತದೆಯೇ? ಮೊದಲನೆಯದಕ್ಕೆ ಉತ್ತರ, ಸಾಮಾನ್ಯವಾಗಿ ಅಲ್ಲ. ಎರಡನೆಯದಕ್ಕೆ, ಪ್ರಾಣಿಗಳು ಯಾತರಿಂದ ಸಾಯುತ್ತಿವೆಯೋ ಅದನ್ನು ನಿಲ್ಲಿಸದೆ ತಂದು ಬಿಟ್ಟರೆ ತಂದವೂ ಸಾಯುತ್ತವೆ.

ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ, ಅಮೆರಿಕದ ಐಡಾಹೊ, ವಾಷಿಂಗ್ಟನ್ ಸೇರುವ ಗಡಿಯಲ್ಲಿದ್ದ ಸೌತ್ ಸೆಲ್‌ಕರ್ಕ್ ಹಿಂಡಿಗೆ 1987ರಿಂದ 1998ರ ನಡುವೆ ಎರಡು ಕಂತಿನಲ್ಲಿ 103 ಪ್ರಾಣಿಗಳನ್ನು ತಂದು ಸೇರಿಸಿದರು. 2018ರ ಎಣಿಕೆಯಲ್ಲಿ ಕಂಡದ್ದು ಮೂರು ಹೆಣ್ಣು ಮಾತ್ರ. 2019ರ ಜನವರಿಯಲ್ಲಿ, ಉಳಿದಿದ್ದ ಕೊನೆಯ ಹೆಣ್ಣನ್ನು ಹಿಡಿದು ರೆವೆಲ್‌ಸ್ಟೋಕ್ ಹತ್ತಿರದ ಆವರಣಕ್ಕೆ ಸಾಗಿಸಿದ್ದರೊಂದಿಗೆ ಆ ಹಿಂಡಿನ ಕಥೆ ಮುಗಿಯಿತು. ಪಕ್ಕದ ಪರ್ಸೆಲ್ ಬೆಟ್ಟಗಳಿಗೆ 2012ರಲ್ಲಿ ಉತ್ತರದಿಂದ 19 ಪ್ರಾಣಿ ತಂದರು, ಹೆಚ್ಚಿನವು ಬೇಗನೆ ಸತ್ತವು. ಕೆರೆ ಏರಿ ಒಡೆದಿರುವಾಗ ಒಳ್ಳೆ ತಳಿಯ ಮೀನು ತಂದು ಬಿಟ್ಟ ಹಾಗಾಯಿತು.

ಏರಿ ಒಡೆದದ್ದು ಕಾಡಿನಲ್ಲಿ. ಹಳೆಯ ಕಾಡು ಕಡಿದ ಜಾಗದಲ್ಲಿ ಎಳೆ ಪೊದೆ ಬೆಳೆಯುತ್ತದೆ, ಅದನ್ನು ಮೇಯಲು ಮೂಸ್ (ಜಿಂಕೆ ಜಾತಿಯ ಭಾರಿ ಪ್ರಾಣಿ) ಮತ್ತು ಜಿಂಕೆಗಳು ಬರುತ್ತವೆ, ಅವುಗಳ ಹಿಂದೆ ತೋಳ ಬರುತ್ತದೆ. ಮರ ಸಾಗಿಸುವ ರಸ್ತೆ, ತೈಲ ಹುಡುಕಲು ಕಡಿದ ನೇರ ಸಾಲುಗಳು ತೋಳಕ್ಕೆ ಹೆದ್ದಾರಿಯಾಗುತ್ತವೆ. ತೋಳದ ಹೊಟ್ಟೆ ತುಂಬಿಸುವುದು ಮೂಸ್, ಆದರೆ ನಡುವೆ ಸಿಕ್ಕ ಕ್ಯಾರಿಬೂವನ್ನು ಅದು ಬಿಡುವುದಿಲ್ಲ. ಮೂಸ್ ಇರುವವರೆಗೆ ತೋಳದ ಸಂಖ್ಯೆ ಇಳಿಯದು, ಹಾಗಾಗಿ ಕ್ಯಾರಿಬೂ ಕಡಿಮೆಯಾದರೂ ಬೇಟೆ ಕಡಿಮೆಯಾಗುವುದಿಲ್ಲ.

ಕ್ಯಾರಿಬೂಗೆ ಈ ನಷ್ಟ ತುಂಬಿಕೊಳ್ಳುವ ಶಕ್ತಿ ಕಡಿಮೆ. ವರ್ಷಕ್ಕೆ ಒಂದೇ ಮರಿ, ಅವಳಿ ತೀರಾ ಅಪರೂಪ. ವಯಸ್ಕ ಹೆಣ್ಣುಗಳಲ್ಲಿ ವರ್ಷಕ್ಕೆ ಶೇ. 85 ಬದುಕಿದರೆ, ಚಳಿಗಾಲದ ಕೊನೆಯಲ್ಲಿ ನೂರು ಹೆಣ್ಣಿಗೆ ಸುಮಾರು 29 ಮರಿ ಉಳಿದಿದ್ದರೆ ಮಾತ್ರ ಹಿಂಡು ಇದ್ದ ಹಾಗೇ ಇರುತ್ತದೆ. ಆ ಮರಿಗಳಲ್ಲಿ ಅರ್ಧ ಹೆಣ್ಣು, ಸತ್ತ ಹದಿನೈದರ ಜಾಗ ತುಂಬಲು ಅಷ್ಟು ಬೇಕೇ ಬೇಕು. ಯಾವುದೇ ಹಿಂಡಿನ ವರದಿ ಕೈಗೆ ಬಂದರೆ ನೀವು ಮೊದಲು ಹುಡುಕಬೇಕಾದದ್ದು ಈ ಎರಡು ಅಂಕಿ. ಜೀನಿನ ಅಧ್ಯಾಯ ಆಮೇಲೆ ಓದಿ.

ಹಾಗಂತ ಜೀನಿನ ಮಾತು ಸುಳ್ಳಲ್ಲ. ಲೆಕ್ಕಕ್ಕೆ ಬರುವುದು ತಲೆಗಳ ಸಂಖ್ಯೆಯಲ್ಲ, ಮುಂದಿನ ಪೀಳಿಗೆಗೆ ನಿಜವಾಗಿ ಜೀನ್ ದಾಟಿಸುವ ಪ್ರಾಣಿಗಳ ಸಂಖ್ಯೆ. ಬೆದೆಗಾಲದಲ್ಲಿ ಕೆಲವೇ ಕೆಲವು ಬಲಿಷ್ಠ ಗಂಡುಗಳು ಹೆಚ್ಚಿನ ಹೆಣ್ಣುಗಳನ್ನು ಕೂಡುತ್ತವೆ. ಮರಿ ಹಾಕುವ ಹೆಣ್ಣು 10, ಕೂಡುವ ಗಂಡು 3 ಎಂದುಕೊಳ್ಳಿ. ನಾಲ್ಕನ್ನು ಹತ್ತರಿಂದ, ಬಂದದ್ದನ್ನು ಮೂರರಿಂದ ಗುಣಿಸಿ 13ರಿಂದ ಭಾಗಿಸಿದರೆ 9.2 ಬರುತ್ತದೆ. ಇದು ಪರಿಣಾಮಕಾರಿ ಸಂಖ್ಯೆ. ಒಂದು ಪೀಳಿಗೆಯಲ್ಲಿ ಕಳೆದುಹೋಗುವ ಜೀನ್ ವೈವಿಧ್ಯ ಅದರ ಎರಡರಷ್ಟರಲ್ಲಿ ಒಂದು ಪಾಲು, ಅಂದರೆ ಶೇ. 5ಕ್ಕೂ ಸ್ವಲ್ಪ ಹೆಚ್ಚು. ಕ್ಯಾರಿಬೂವಿನ ಒಂದು ಪೀಳಿಗೆ ಎಂದರೆ ಆರರಿಂದ ಒಂಬತ್ತು ವರ್ಷ. ಹಾಗಾಗಿ ಹಿಂಡು ಕುಸಿದು ಹತ್ತು ವರ್ಷವಾದರೂ ವೈವಿಧ್ಯದ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಇದನ್ನು ನೋಡಿ 'ಹಿಂಡು ಆರೋಗ್ಯವಾಗಿದೆ' ಎಂದು ಬರೆಯುವವರೂ ಇದ್ದಾರೆ, ಅದು ತಪ್ಪು.

ಎದುರು ಬದಿಯ ಉದಾಹರಣೆ ಲೇಕ್ ಸುಪೀರಿಯರ್‌ನ ದ್ವೀಪಗಳಲ್ಲಿದೆ. ಮಿಶಿಪಿಕೋಟನ್ ದ್ವೀಪಕ್ಕೆ 1980ರ ದಶಕದಲ್ಲಿ ಸ್ಲೇಟ್ ದ್ವೀಪಗಳಿಂದ ಬೆರಳೆಣಿಕೆಯಷ್ಟು ಪ್ರಾಣಿ ಒಯ್ದರು. ಜೀನಿನ ಬಂಡವಾಳ ತೀರಾ ಚಿಕ್ಕದು, ಆದರೂ ತೋಳವಿಲ್ಲದ ಆ ಜಾಗದಲ್ಲಿ ಅವು ನೂರಾರಾದವು. 2014ರ ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿ ತೋಳಗಳು ಮಂಜುಗಡ್ಡೆಯ ಮೇಲೆ ನಡೆದು ಬಂದವು. 2018ರ ಹೊತ್ತಿಗೆ ಉಳಿದವನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ಬೇರೆ ದ್ವೀಪಗಳಿಗೆ ಸಾಗಿಸಬೇಕಾಯಿತು.

ಪ್ರಾಣಿ ಹಿಡಿಯದೆ ಇದನ್ನೆಲ್ಲ ಅಳೆಯುವುದು ಹೇಗೆ? ಹಿಕ್ಕೆಯಿಂದ. ಹೊಸ ಹಿಮ ಬಿದ್ದ ಮೇಲೆ ವಿಮಾನದಿಂದ ಹೆಜ್ಜೆ ಸಾಲನ್ನೂ ಕಲ್ಲುಹೂವಿಗಾಗಿ ಹಿಮ ಕೆದಕಿದ ಗುಂಡಿಗಳನ್ನೂ ಗುರುತಿಸುತ್ತಾರೆ, ಪ್ರಾಣಿಗಳು ಮುಂದೆ ಹೋದ ಮೇಲೆ ಇಳಿದು ಹಿಕ್ಕೆ ಆರಿಸುತ್ತಾರೆ. ಪ್ರತಿ ಗುಪ್ಪೆಗೂ ಬೇರೆ ಚೀಲ, ಹೆಪ್ಪುಗಟ್ಟಿದ್ದು ಲ್ಯಾಬ್ ತಲುಪುವವರೆಗೂ ಕರಗಕೂಡದು. ಬೇಕಾದದ್ದು ಹಿಕ್ಕೆಯ ಒಳಗಿನದಲ್ಲ, ಮೇಲೆ ಹೊಳೆಯುವ ತೆಳು ಲೋಳೆಯ ಪದರ. ಕರುಳಿನ ಗೋಡೆಯ ಕೋಶಗಳು ಅಂಟಿರುವುದು ಅಲ್ಲಿ. ಒಮ್ಮೆ ಕರಗಿ ಮತ್ತೆ ಹೆಪ್ಪಾದರೆ ಆ ಪದರ ಹಾಳು. ಲ್ಯಾಬಿನಲ್ಲಿ ಅದನ್ನು ಕೆರೆದು ತೆಗೆದ ಡಿಎನ್‌ಎಯಲ್ಲಿ ಪ್ರಾಣಿಯಿಂದ ಪ್ರಾಣಿಗೆ ಬದಲಾಗುವ ಹತ್ತರ ಆಸುಪಾಸು ಗುರುತು ಜಾಗಗಳನ್ನೂ ಗಂಡೋ ಹೆಣ್ಣೋ ಹೇಳುವ ಒಂದು ಲಿಂಗಸೂಚಕವನ್ನೂ ಓದುತ್ತಾರೆ.

ಎಡವುವುದೂ ಇಲ್ಲೇ. ಡಿಎನ್‌ಎ ಕಡಿಮೆಯಿದ್ದರೆ ಒಂದು ಜಾಗದಲ್ಲಿ ತಾಯಿಯಿಂದ, ತಂದೆಯಿಂದ ಬಂದ ಎರಡು ರೂಪಗಳಲ್ಲಿ ಒಂದು ಓದಿಗೆ ಸಿಗುವುದೇ ಇಲ್ಲ. ಒಂದೇ ಪ್ರಾಣಿ ಎರಡಾಗಿ ಕಾಣುತ್ತದೆ, ಎಣಿಕೆ ಉಬ್ಬುತ್ತದೆ. ಜೊತೆಗೆ ಇನ್‌ಬ್ರೀಡಿಂಗ್ ಇದ್ದದ್ದಕ್ಕಿಂತ ಹೆಚ್ಚು ಎಂದು ತೋರುತ್ತದೆ. ಅದಕ್ಕೇ ಸಂಶಯದ ಮಾದರಿಗಳನ್ನು ಮತ್ತೆ ಓದಿಸುತ್ತಾರೆ. ಅದೇ ಚಳಿಗಾಲದಲ್ಲಿ ಎರಡು ಸುತ್ತು ಆರಿಸಿದರೆ ಸಂಖ್ಯೆಯೂ ಸಿಗುತ್ತದೆ. ಮೊದಲ ಸುತ್ತಿನಲ್ಲಿ 30, ಎರಡನೆಯದರಲ್ಲಿ 28, ಎರಡರಲ್ಲೂ ಇದ್ದವು 21 ಆದರೆ, 30ನ್ನು 28ರಿಂದ ಗುಣಿಸಿ 21ರಿಂದ ಭಾಗಿಸಿ, ಹಿಂಡು ಸುಮಾರು 40. ಹಾರ್ಮೋನ್ ನೋಡಿ ಯಾವ ಹೆಣ್ಣು ಗಬ್ಬವಾಗಿದೆ ಎಂದೂ ಅದೇ ಹಿಕ್ಕೆಯಿಂದ ತಿಳಿಯಬಹುದು. ಗಬ್ಬ ನಿಲ್ಲುತ್ತಿದ್ದು ಮರಿ ಮಾತ್ರ ಉಳಿಯುತ್ತಿಲ್ಲವಾದರೆ ಜೀನನ್ನು ಬಿಟ್ಟು ಬೇಟೆಯಾಡುವ ಪ್ರಾಣಿಯ ಕಡೆ ನೋಡಿ.

ಇನ್ನು ತಂದು ಸೇರಿಸುವ ಮಾತು. ಕೆನಡಾದ ಜ್ಯಾಸ್ಪರ್ ರಾಷ್ಟ್ರೀಯ ಉದ್ಯಾನದಲ್ಲಿ ಮಲೀನ್ ಹಿಂಡು ಈಗಾಗಲೇ ಅಳಿದಿದೆ. ಟಾಂಕ್ವಿನ್ ಹಿಂಡಿಗಾಗಿ ಅಲ್ಲಿ ಸಾಕಿ ಮರಿ ಮಾಡಿಸುವ ಕೇಂದ್ರ ಕಟ್ಟಿದ್ದಾರೆ, ಯೋಜನೆಯ ಪ್ರಕಾರ ಗರಿಷ್ಠ 40 ಹೆಣ್ಣು, 5 ಗಂಡು. ಮೇಲಿನ ಸೂತ್ರ ಇಲ್ಲಿಗೂ ಹಾಕಿ ನೋಡಿ, ಪರಿಣಾಮಕಾರಿ ಸಂಖ್ಯೆ 18 ಕೂಡ ದಾಟುವುದಿಲ್ಲ. ಹಾಗಾಗಿ ಗಂಡುಗಳನ್ನು ಬದಲಿಸುತ್ತಿರಬೇಕು, ಯಾವ ಹೆಣ್ಣಿನ ಜೊತೆ ಯಾವುದನ್ನು ಬಿಡಬೇಕು ಎಂಬುದನ್ನು ಡಿಎನ್‌ಎ ನೋಡಿ ತೀರ್ಮಾನಿಸಬೇಕು. ಮೂಲ ಹಿಂಡಿನ ಆಯ್ಕೆಯೂ ಮುಖ್ಯ. ರಾಕಿ ಬೆಟ್ಟಗಳ ಈ ಭಾಗದಲ್ಲಿ ಹಿಮಯುಗದಲ್ಲಿ ಬೇರ್ಪಟ್ಟಿದ್ದ ಎರಡು ವಂಶಗಳು ಆಗಲೇ ಬೆರೆತಿವೆ, ಆದ್ದರಿಂದ ಸ್ವಲ್ಪ ಬೆರಕೆಗೆ ನಾನು ಹೆದರುವುದಿಲ್ಲ. ಹೆದರಬೇಕಾದದ್ದು ನಡವಳಿಕೆಗೆ. ನೆಲದ ಕಲ್ಲುಹೂವು ಕೆದಕಿ ತಿಂದು ಬೆಳೆದ ಪ್ರಾಣಿಯನ್ನು, ಆಳೆತ್ತರದ ಹಿಮದ ಮೇಲೆ ನಿಂತು ಕೊಂಬೆಗಳಿಗೆ ಜೋತಾಡುವ ಕಲ್ಲುಹೂವು ತಿನ್ನಬೇಕಾದ ಬೆಟ್ಟಕ್ಕೆ ಬಿಟ್ಟರೆ ಅದಕ್ಕೆ ದಾರಿಯೂ ಗೊತ್ತಿಲ್ಲ, ಊಟವೂ ಗೊತ್ತಿಲ್ಲ.

ಸರಿಯಾಗಿ ನಡೆದದ್ದೂ ಇದೆ. ಬ್ರಿಟಿಷ್ ಕೊಲಂಬಿಯಾದ ಕ್ಲಿನ್ಸೆ-ಝಾ ಹಿಂಡಿನಲ್ಲಿ 2013ರಲ್ಲಿ 38 ಪ್ರಾಣಿಗಳಿದ್ದವು. ವೆಸ್ಟ್ ಮೊಬರ್ಲಿ ಮತ್ತು ಸಾಲ್ಟೋ ಮೂಲನಿವಾಸಿ ಸಮುದಾಯಗಳು ತೋಳಗಳನ್ನು ಕಡಿಮೆ ಮಾಡಿದವು, ಜೊತೆಗೆ ಗಬ್ಬದ ಹೆಣ್ಣುಗಳನ್ನು ಚಳಿಗಾಲದ ಕೊನೆಯಲ್ಲಿ ಹಿಡಿದು, ಮರಿ ಹಾಕಿ ಅದು ಗಟ್ಟಿಯಾಗುವವರೆಗೆ ಬೇಲಿಯೊಳಗೆ ಕಾದವು. 2021ಕ್ಕೆ ಸಂಖ್ಯೆ ನೂರು ದಾಟಿತು. ಆವರಣವೊಂದೇ, ಅಥವಾ ತೋಳ ನಿಯಂತ್ರಣವೊಂದೇ ಆಗಿದ್ದರೆ ಇಷ್ಟು ಆಗುತ್ತಿರಲಿಲ್ಲ. ಕಾಡು ಮತ್ತೆ ಹಳೆಯದಾಗುವವರೆಗೆ ಈ ಕೆಲಸ ಬಿಡುವಂತೆಯೂ ಇಲ್ಲ.

ವೈವಿಧ್ಯ ನೇರವಾಗಿ ಜೀವ ಉಳಿಸುವ ಒಂದು ಜಾಗ ನನ್ನ ಕಣ್ಣಿಗೆ ಬೀಳುವುದು ರೋಗದಲ್ಲಿ. ಜಿಂಕೆ ಜಾತಿಗಳನ್ನು ಸವೆಸಿ ಕೊಲ್ಲುವ, ರೂಪ ಕೆಟ್ಟ ಪ್ರೋಟೀನಿನಿಂದ ಹರಡುವ ಪ್ರಿಯಾನ್ ರೋಗ 2016ರಲ್ಲಿ ನಾರ್ವೆಯ ನೂರ್ಡ್‌ಫ್ಯೆಲಾ ಕಾಡು ಹಿಮಸಾರಂಗಗಳಲ್ಲಿ ಕಂಡಿತು, ತಡೆಯಲು ಸುಮಾರು 2,000 ಪ್ರಾಣಿಗಳ ಆ ಇಡೀ ಗುಂಪನ್ನೇ 2018ರೊಳಗೆ ಕೊಂದರು. ಕ್ಯಾರಿಬೂ ಇದೇ ಪ್ರಭೇದ. ಪ್ರಿಯಾನ್ ಜೀನ್ ರೂಪಿಸುವ ಪ್ರೋಟೀನಿನ 138ನೇ ಸ್ಥಾನದಲ್ಲಿ ಸೆರೀನ್ ಎಂಬ ಅಮೈನೋ ಆಮ್ಲದ ಬದಲು ಆಸ್ಪರಜೀನ್ ಇರುವ ಪ್ರಾಣಿಗಳಿಗೆ ಈ ಸೋಂಕು ಸುಲಭವಾಗಿ ತಗಲುವುದಿಲ್ಲ. ಆ ರೂಪ ಐವತ್ತರ ಹಿಂಡಿನಲ್ಲಿ ಎರಡು ಮೂರು ಪ್ರಾಣಿಗಳಲ್ಲಿ ಮಾತ್ರ ಇದ್ದು, ಒಂದು ಹಿಮಕುಸಿತದಲ್ಲಿ ಅವೇ ಹೋದರೆ, ಆ ಹಿಂಡಿನೊಳಗಿಂದ ಅದನ್ನು ಮತ್ತೆ ಪಡೆಯುವ ದಾರಿಯಿಲ್ಲ. 2009ರಲ್ಲಿ ಕೆನಡಾದ ಬ್ಯಾನ್ಫ್‌ನಲ್ಲಿ ಉಳಿದಿದ್ದ ಐದೂ ಕ್ಯಾರಿಬೂಗಳು ಒಂದೇ ಹಿಮಕುಸಿತಕ್ಕೆ ಸಿಕ್ಕಿದ್ದವು.