ಹತ್ತು ಅಂಕದ ಉತ್ತರ ಬೇಡ

ನಮಸ್ಕಾರ.

ನೀವು ಕಳಿಸಿದ ‘ರಷ್ಯಾ ಕ್ರಾಂತಿಗೆ ಕಾರಣಗಳು’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬಡತನ, ಝಾರ್ ದೊರೆಯ ದಬ್ಬಾಳಿಕೆ, ಅರಮನೆಯ ಸಾಧು ರಾಸ್ಪುಟಿನ್, ಮೊದಲ ಮಹಾಯುದ್ಧ, ಲೆನಿನ್ ಅಂತ ಐದು ಉಪಶೀರ್ಷಿಕೆ ಕೊಟ್ಟಿದ್ದೀರಿ. ಪರೀಕ್ಷೆಗೆ ಇಷ್ಟು ಸಾಕು. ಓದುಗರು ಅಂಕ ಹಾಕಲು ಕೂತಿಲ್ಲ ಅಲ್ವಾ?

ನನ್ನ ಮುಖ್ಯ ತಕರಾರು ಇದು. ಬಡತನ, ದಬ್ಬಾಳಿಕೆ ಎರಡೂ 1905ರಲ್ಲೂ ಇದ್ದವು. ಸೋಲುತ್ತಿದ್ದ ಯುದ್ಧವೂ ಇತ್ತು, ಜಪಾನಿನ ಜೊತೆ. ಆ ಜನವರಿಯಲ್ಲಿ ಪಾದ್ರಿ ಗಪೋನ್ ಹಿಂದೆ ಸಾವಿರಾರು ಕಾರ್ಮಿಕರು ಮನವಿ ಹಿಡಿದು ಅರಮನೆ ಕಡೆ ಹೊರಟರು. ಸೈನಿಕರು ಗುಂಡು ಹಾರಿಸಿದರು. ದೇಶವೆಲ್ಲ ಹೊತ್ತಿ ಉರಿಯಿತು. ಆದರೂ ಝಾರ್ ಉಳಿದುಕೊಂಡ. 1917ರಲ್ಲಿ ಎಂಟೇ ದಿನದಲ್ಲಿ ಬಿದ್ದ. ಯಾಕೆ? ಈ ಪ್ರಶ್ನೆಯನ್ನೇ ನೀವು ಕೇಳಿಲ್ಲ.

‘ರೈತರು ಕಡುಬಡವರಾಗಿದ್ದರು’ ಎಂದು ಮೂರು ಸಲ ಬರೆದಿದ್ದೀರಿ. ಆ ಬಡತನ ಎಂಥದ್ದು ಅಂತ ಒಂದು ಸಲವೂ ಹೇಳಿಲ್ಲ. 1861ರಲ್ಲಿ ಜೀತ ಹೋಯಿತು ಎಂದು ಮುಂದೆ ಓಡಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ತಲೆಮಾರುಗಳಿಂದ ತಾವೇ ಉತ್ತ ನೆಲಕ್ಕೆ ರೈತರು 49 ವರ್ಷ ಕಂತು ಕಟ್ಟಬೇಕಾಗಿ ಬಂತು. ಒಡೆಯನಿಗೆ ಸರ್ಕಾರ ದುಡ್ಡು ಕೊಟ್ಟುಬಿಟ್ಟು, ರೈತನಿಂದ ಬಡ್ಡಿ ಸಮೇತ ವಸೂಲಿ ಮಾಡುತ್ತಿತ್ತು. ಕಂತಿಗೆ ಊರಿಗೆ ಊರೇ ಹೊಣೆ. ಹಾಗಾಗಿ ಊರು ಬಿಟ್ಟು ಹೋಗಲೂ ಊರಿನವರ ಒಪ್ಪಿಗೆ ಬೇಕು. ಉಳಿದ ಕಂತು ಮನ್ನಾ ಆಗಿದ್ದು 1905ರ ದಂಗೆಯ ಬಿಸಿ ತಟ್ಟಿದ ಮೇಲೆ. ಸಾಲ ಅಂದರೇನು ಅಂತ ನಮ್ಮ ಓದುಗರಿಗೆ ಹೇಳಿಕೊಡಬೇಕಿಲ್ಲ. ಈ ಲೆಕ್ಕ ಕೊಡಿ, ‘ಕಡುಬಡವರು’ ತೆಗೆದುಹಾಕಿ.

‘ಆಹಾರದ ಅಭಾವವಿತ್ತು’ ಅನ್ನುವುದೂ ಅರ್ಧ ಸತ್ಯ. ದೇಶದಲ್ಲಿ ಧಾನ್ಯ ಇತ್ತು. ರೈಲುಗಳು ಯುದ್ಧದ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಕಾಳು ಮಾರಿ ಬಂದ ರೂಬಲ್ಲಿಗೆ ಕೊಳ್ಳಲು ಸಾಮಾನಿಲ್ಲ, ಮತ್ತೆ ರೈತ ಯಾಕೆ ಮಾರುತ್ತಾನೆ? ರಾಜಧಾನಿ ಪೆಟ್ರೋಗ್ರಾಡಿನಲ್ಲಿ ಹೆಂಗಸರು ಕೊರೆಯುವ ಚಳಿಯಲ್ಲಿ ಬ್ರೆಡ್ಡಿಗೆ ಗಂಟೆಗಟ್ಟಲೆ ಕ್ಯೂ ನಿಲ್ಲುತ್ತಿದ್ದರು. 1917ರ ಫೆಬ್ರವರಿ 23, ಈಗಿನ ಲೆಕ್ಕದಲ್ಲಿ ಮಾರ್ಚ್ 8, ಮಹಿಳಾ ದಿನ. ವೀಬೋರ್ಗ್ ಭಾಗದ ಬಟ್ಟೆ ಗಿರಣಿಗಳ ಹೆಂಗಸರು ಕೆಲಸ ಬಿಟ್ಟು ಬೀದಿಗಿಳಿದು, ಪಕ್ಕದ ಕಾರ್ಖಾನೆಯ ಗಂಡಸರನ್ನೂ ಕೂಗಿ ಹೊರಗೆ ಕರೆದರು. 26ರಂದು ಜನರ ಮೇಲೆ ಗುಂಡು ಹಾರಿಸಿದ್ದ ವೊಲಿನ್‌ಸ್ಕಿ ರೆಜಿಮೆಂಟಿನವರೇ 27ರ ಬೆಳಿಗ್ಗೆ ತಿರುಗಿಬಿದ್ದರು. ನಿಮ್ಮ ಲೇಖನದ ಜೀವ ಇಲ್ಲಿದೆ. 1905ರಲ್ಲಿ ಸೈನ್ಯದ ಬಹುಪಾಲು ದೊರೆಯ ಕಡೆ ಇತ್ತು. 1917ರ ಹೊತ್ತಿಗೆ ಬ್ಯಾರಕ್ಕುಗಳಲ್ಲಿ ತುಂಬಿದ್ದವರು ಹೊಲದಿಂದ ಎಳೆದು ತಂದ ಹಳ್ಳಿಯವರು, ರಣರಂಗಕ್ಕೆ ಹೋಗಲು ಮನಸ್ಸಿಲ್ಲದವರು.

ಲೆನಿನ್ ಝಾರ್ ದೊರೆಯನ್ನು ಉರುಳಿಸಿದರು ಅನ್ನುವುದು ಶುದ್ಧ ತಪ್ಪು. ಆಗ ಅವರು ಜ್ಯೂರಿಕ್‌ನಲ್ಲಿದ್ದರು, ಬಂದದ್ದು ಏಪ್ರಿಲ್‌ನಲ್ಲಿ. ಅಕ್ಟೋಬರಿನಲ್ಲಿ ಅವರ ಪಕ್ಷದ ಬೊಲ್ಶೆವಿಕರು ಅಧಿಕಾರ ಕಿತ್ತುಕೊಂಡಿದ್ದು ಝಾರ್ ಬಿದ್ದ ಮೇಲೆ ಬಂದ, ಯುದ್ಧವನ್ನೂ ನಿಲ್ಲಿಸದ, ಭೂಮಿಯನ್ನೂ ಹಂಚದ ತಾತ್ಕಾಲಿಕ ಸರ್ಕಾರದಿಂದ.

ರಾಸ್ಪುಟಿನ್‌ಗೆ ಎರಡು ಪುಟ ಜಾಸ್ತಿ ಆಯಿತು. ಕಥೆ ರಂಗುರಂಗಾಗಿದೆ, ಒಪ್ಪುತ್ತೇನೆ. ಆದರೆ 1915ರಲ್ಲಿ ಝಾರ್ ನಿಕೊಲಾಸ್ ತಾನೇ ಸೇನಾಪತಿಯಾಗಿ ನಿಂತು ಪ್ರತಿ ಸೋಲನ್ನೂ ಮೈಮೇಲೆ ಎಳೆದುಕೊಂಡದ್ದು ಅದಕ್ಕಿಂತ ದೊಡ್ಡ ವಿಷಯ. ಅದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು.

1907ರಲ್ಲಿ ಚುನಾವಣೆಯ ನಿಯಮ ಬದಲಿಸಿ ಅಲ್ಲಿನ ಸಂಸತ್ತು ಡೂಮಾವನ್ನು ಜಮೀನ್ದಾರರ ಕೈಗೆ ಕೊಟ್ಟ ಪ್ಯಾರಾ ಚೆನ್ನಾಗಿದೆ, ಮುಟ್ಟಬೇಡಿ. ಉಪಶೀರ್ಷಿಕೆ ಕಿತ್ತುಹಾಕಿ, 1905ರಿಂದ ಶುರುಮಾಡಿ ಮತ್ತೆ ಕಳಿಸಿ.

— ಸಂಪಾದಕ