ಪುಟ್ಟ ದಾನಿಯ ಮೂತ್ರಪಿಂಡ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಸೋಮವಾರಪೇಟೆ ತಾಲ್ಲೂಕಿನಿಂದ ತಾವು ಬರೆದ ಪತ್ರ ತಲುಪಿದೆ. ಹೆಸರು ಪ್ರಕಟಿಸಬಾರದೆಂಬ ಕೋರಿಕೆಯಂತೆ ಅದರ ಸಾರವನ್ನಷ್ಟೇ ಇಲ್ಲಿ ಕೊಡುತ್ತಿದ್ದೇವೆ. ತಮ್ಮ ಪತ್ನಿಯವರು ವಾರಕ್ಕೆ ಮೂರು ಬಾರಿ ಮಡಿಕೇರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದಾರೆ. ಕುಟುಂಬದಲ್ಲಿ ಹೊಂದುವ ದಾನಿಗಳಿಲ್ಲದ ಕಾರಣ ಮೃತ ದಾನಿಯ ಕಿಡ್ನಿಗಾಗಿ ಹೆಸರು ನೋಂದಾಯಿಸಿದ್ದೀರಿ. ಆಗ ಆಸ್ಪತ್ರೆಯವರು, ತೀರಾ ಚಿಕ್ಕ ಮಗುವಿನ ಕಿಡ್ನಿ ಬಂದರೆ ಒಪ್ಪುವಿರಾ ಎಂದು ಕೇಳಿದ್ದಕ್ಕೆ ತಾವು ಬೇಡವೆಂದು ಹೇಳಿ ಬಂದಿದ್ದೀರಿ. ‘ತೊಂಡೆಕಾಯಿಯಷ್ಟು ಕಿಡ್ನಿ ದೊಡ್ಡವರ ದೇಹವನ್ನು ಹೇಗೆ ನಡೆಸೀತು? ಯಾರದೋ ಹಸುಗೂಸು ತೀರಿಕೊಂಡಿದ್ದರಿಂದ ನಾವು ಬದುಕುವುದು ಪಾಪವಲ್ಲವೇ?’ ಎಂದು ಕೇಳಿದ್ದೀರಿ. ಆ ‘ಬೇಡ’ವನ್ನು ತಾವು ಇನ್ನೊಮ್ಮೆ ಯೋಚಿಸಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ಗಾತ್ರದ ಮಾತು. ನವಜಾತ ಶಿಶುವಿನ ಮೂತ್ರಪಿಂಡ ನಾಲ್ಕೈದು ಸೆಂಟಿಮೀಟರ್ ಉದ್ದವಿರುತ್ತದೆ, ವಯಸ್ಕರದು 10ರಿಂದ 12 ಸೆಂಟಿಮೀಟರ್. ಆದರೆ ರಕ್ತವನ್ನು ಸೋಸುವುದು ನೆಫ್ರಾನ್‌ಗಳೆಂಬ ಅತಿಸೂಕ್ಷ್ಮ ಘಟಕಗಳು. ಒಂದು ಮೂತ್ರಪಿಂಡದಲ್ಲಿ ಅವು ಸರಾಸರಿ ಹತ್ತು ಲಕ್ಷದಷ್ಟಿರುತ್ತವೆ, ಮತ್ತು ಗರ್ಭದ 36ನೇ ವಾರದ ಹೊತ್ತಿಗೆ ಅವುಗಳ ಸೃಷ್ಟಿ ಮುಗಿದಿರುತ್ತದೆ. ಆಮೇಲೆ ಒಂದೇ ಒಂದು ಹೊಸ ನೆಫ್ರಾನ್ ಹುಟ್ಟುವುದಿಲ್ಲ, ಇರುವವೇ ಬೆಳೆಯುತ್ತವೆ. ಹಾಗಾಗಿ ತಿಂಗಳು ತುಂಬಿ ಹುಟ್ಟಿದ ಮಗುವಿನ ಮೂತ್ರಪಿಂಡದಲ್ಲಿ ನೆಫ್ರಾನ್‌ಗಳ ಸಂಖ್ಯೆ ಆಗಲೇ ಪೂರ್ಣವಾಗಿರುತ್ತದೆ. ಅರವತ್ತು ವರ್ಷದ ದಾನಿಯ ದೊಡ್ಡ ಮೂತ್ರಪಿಂಡದಲ್ಲಾದರೋ ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದ ಎಷ್ಟೋ ನೆಫ್ರಾನ್‌ಗಳು ಸವೆದುಹೋಗಿರಬಹುದು.

ಇನ್ನೊಂದು ವಿಷಯ ತಮಗೆ ಯಾರೂ ಬಿಡಿಸಿ ಹೇಳಿದಂತೆ ಕಾಣುವುದಿಲ್ಲ. ತೀರಾ ಚಿಕ್ಕ ದಾನಿಯಿಂದ, ಸಾಮಾನ್ಯವಾಗಿ ಐದು ವರ್ಷದೊಳಗಿನ ಅಥವಾ ಹದಿನೈದು ಕಿಲೋಗಿಂತ ಕಡಿಮೆ ತೂಕದ ಮಗುವಿನಿಂದ ಕಿಡ್ನಿ ಪಡೆಯುವಾಗ ಎರಡನ್ನೂ ಬೇರ್ಪಡಿಸದೆ ಒಬ್ಬರಿಗೇ ಜೋಡಿಸುವುದು ರೂಢಿ. ಮಹಾಪಧಮನಿ ಮತ್ತು ಮಹಾಸಿರೆಗಳ ಒಂದೊಂದು ತುಂಡಿನ ಸಮೇತ ಎರಡೂ ಮೂತ್ರಪಿಂಡಗಳನ್ನು ಒಟ್ಟಿಗೆ ತೆಗೆಯುತ್ತಾರೆ. ರೋಗಿಯ ದೇಹಕ್ಕೆ ಇಡುವ ಮುನ್ನ, ಮಂಜಿನ ತಟ್ಟೆಯಲ್ಲಿ ತಣ್ಣಗಿಟ್ಟುಕೊಂಡು, ಕಣ್ಣಿಗೆ ಭೂತಗನ್ನಡಿ ಕಟ್ಟಿದ ಶಸ್ತ್ರವೈದ್ಯರು ಆ ತುಂಡುಗಳ ಮೇಲ್ತುದಿಯನ್ನು ಹೊಲಿದು ಮುಚ್ಚಿ, ಪಕ್ಕಕ್ಕೆ ಚಾಚಿದ ಕೂದಲೆಳೆಯಂಥ ಕವಲುಗಳನ್ನು ಒಂದೊಂದಾಗಿ ದಾರದಿಂದ ಬಿಗಿದು, ತಣ್ಣನೆಯ ದ್ರವ ಹಾಯಿಸಿ ಎಲ್ಲಿಯೂ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಆಮೇಲೆ ಕೆಳತುದಿಗಳನ್ನು ರೋಗಿಯ ಕಿಬ್ಬೊಟ್ಟೆಯ ರಕ್ತನಾಳಗಳಿಗೆ ಸೇರಿಸಿ, ಎರಡು ಮೂತ್ರನಾಳಗಳನ್ನು ಮೂತ್ರಕೋಶಕ್ಕೆ ಜೋಡಿಸುತ್ತಾರೆ. ಹೀಗೆ ಕೂತ ಜೋಡಿ ಮೂತ್ರಪಿಂಡಗಳು ಹೊಸ ದೇಹದ ಅಗತ್ಯಕ್ಕೆ ತಕ್ಕಂತೆ ಬೆಳೆಯುತ್ತವೆ. ಮೊದಲ ಕೆಲವು ತಿಂಗಳಲ್ಲೇ ಸ್ಕ್ಯಾನಿಂಗ್‌ನಲ್ಲಿ ಅವುಗಳ ಉದ್ದ ಹೆಚ್ಚುವುದು ಕಾಣುತ್ತದೆ.

ಇದರಲ್ಲಿ ಅಪಾಯವಿಲ್ಲವೆಂದು ನಾವು ಹೇಳುವುದಿಲ್ಲ. ರಕ್ತನಾಳಗಳು ಅಷ್ಟು ಕಿರಿದಾದ್ದರಿಂದ ಮೊದಲ ದಿನಗಳಲ್ಲಿ ರಕ್ತ ಹೆಪ್ಪುಗಟ್ಟಿ ಕಸಿಯೇ ಕೈತಪ್ಪುವ ಸಂಭವ ವಯಸ್ಕ ದಾನಿಯ ಕಿಡ್ನಿಗಿಂತ ಹೆಚ್ಚು. ಅದಕ್ಕಾಗಿಯೇ ಶಸ್ತ್ರಚಿಕಿತ್ಸೆಯ ನಂತರ ಪದೇ ಪದೇ ಡಾಪ್ಲರ್ ಸ್ಕ್ಯಾನ್ ಮಾಡಿ ರಕ್ತದ ಹರಿವನ್ನು ನೋಡುತ್ತಾರೆ, ಹಲವೆಡೆ ರಕ್ತ ತೆಳುವಾಗಿಸುವ ಔಷಧವನ್ನೂ ಕೊಡುತ್ತಾರೆ. ಪುಟ್ಟ ಮೂತ್ರಪಿಂಡಗಳ ಮೇಲೆ ಒಮ್ಮೆಲೇ ದೊಡ್ಡವರ ರಕ್ತದೊತ್ತಡ ಬಿದ್ದರೆ ಸೋಸುವ ಘಟಕಗಳು ದಣಿದು ಮೂತ್ರದಲ್ಲಿ ಪ್ರೋಟೀನ್ ಹೋಗಲು ಶುರುವಾಗಬಹುದಾದ್ದರಿಂದ ಒತ್ತಡವನ್ನು ಹತೋಟಿಯಲ್ಲಿಡುತ್ತಾರೆ, ಸಾಧ್ಯವಾದಷ್ಟೂ ಕಡಿಮೆ ತೂಕದ ರೋಗಿಗಳನ್ನೇ ಆರಿಸುತ್ತಾರೆ. ಈ ಮೊದಲ ಗಂಡಾಂತರವನ್ನು ದಾಟಿದ ಜೋಡಿ ಮೂತ್ರಪಿಂಡಗಳು ಮಾತ್ರ ವರ್ಷಗಟ್ಟಲೆ ಚೆನ್ನಾಗಿ ಕೆಲಸ ಮಾಡುತ್ತವೆಂಬುದು, ಜೀವಂತ ದಾನಿಗಳ ಕಿಡ್ನಿಗೆ ಹತ್ತಿರದ ಫಲಿತಾಂಶ ಕೊಡುತ್ತವೆಂಬುದು ಅನುಭವಿ ಕೇಂದ್ರಗಳಲ್ಲಿ ಕಂಡುಬಂದಿದೆ. ಪತ್ನಿಯವರ ತೂಕ 46 ಕಿಲೋ ಎಂದು ತಾವೇ ಬರೆದಿದ್ದೀರಿ. ಆಸ್ಪತ್ರೆಯವರು ಆ ಪ್ರಶ್ನೆ ಕೇಳಿದ್ದಕ್ಕೆ ಪ್ರಾಯಶಃ ಅದೇ ಕಾರಣ, ನಿಮ್ಮ ಮೇಲೆ ಪ್ರಯೋಗ ಮಾಡುವ ಉದ್ದೇಶ ಖಂಡಿತ ಅಲ್ಲ. ಚಂಡೀಗಢದ ಪಿಜಿಐ ಸಂಸ್ಥೆಯಲ್ಲಿ 2022ರಲ್ಲಿ ಕೇವಲ 39 ದಿನದ ಹೆಣ್ಣುಮಗುವಿನ ಮೂತ್ರಪಿಂಡಗಳನ್ನು ಹದಿಹರೆಯದ ಹುಡುಗನಿಗೆ ಜೋಡಿಸಲಾಯಿತು. ಮರುವರ್ಷ ಪ್ರಧಾನಿಯವರು ತಮ್ಮ ‘ಮನ್ ಕೀ ಬಾತ್’ನಲ್ಲಿ ಆ ಹೆಣ್ಣುಮಗುವಿನ ತಂದೆತಾಯಿಯೊಡನೆ ಮಾತನಾಡಿದ್ದನ್ನು ಅನೇಕ ಓದುಗರು ಕೇಳಿರಬಹುದು.

ಪಾಪದ ಪ್ರಶ್ನೆ ಬರೆಯುವಾಗ ತಮ್ಮ ಕೈ ನಡುಗಿರಬೇಕು, ಓದುವಾಗ ನಮ್ಮ ಮನಸ್ಸೂ ಭಾರವಾಯಿತು. ಆದರೆ ಘಟನೆಗಳ ಕ್ರಮವನ್ನು ಗಮನಿಸಿ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ, ಮಿದುಳುಕಾಂಡ ಸತ್ತಿದೆಯೆಂದು ದೃಢೀಕರಿಸಬೇಕು. ಕಸಿ ಮಾಡುವ ವೈದ್ಯರು ಆ ಮಂಡಳಿಯಲ್ಲಿ ಇರುವಂತಿಲ್ಲ. ಶಿಶುಗಳ ವಿಷಯದಲ್ಲಿ ವೈದ್ಯರು ಇನ್ನೂ ಎಚ್ಚರಿಕೆ ವಹಿಸುತ್ತಾರೆ: ಅಮೆರಿಕದಲ್ಲಿ 2011ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ತಿಂಗಳೊಳಗಿನ ಮಗುವಿಗೆ 24 ಗಂಟೆ, ಅದಕ್ಕಿಂತ ದೊಡ್ಡ ಮಕ್ಕಳಿಗೆ 12 ಗಂಟೆಗಳ ಅಂತರ ಬೇಕಿತ್ತು. ದಾನಿಗೆ ಹದಿನೆಂಟು ತುಂಬಿರದಿದ್ದರೆ ತಂದೆ ಅಥವಾ ತಾಯಿ ಲಿಖಿತ ಒಪ್ಪಿಗೆ ಕೊಡಬೇಕು. ಬೇಡವೆಂದರೆ ಮಾತು ಅಲ್ಲಿಗೇ ಮುಗಿಯಿತು. ಒಪ್ಪಿಗೆ ಬಂದ ಮೇಲಷ್ಟೇ ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆಯ ಪಟ್ಟಿಯಲ್ಲಿ ಯಾರಿಗೆ ಸರದಿ ಎಂದು ನೋಡುವುದು. ತಮ್ಮ ಮನೆಗೆ ಫೋನ್ ಬರುವಷ್ಟರಲ್ಲಿ ಆ ಮಗು ತೀರಿಕೊಂಡಿರುತ್ತದೆ, ಹೆತ್ತವರು ತಮ್ಮ ನಿರ್ಧಾರವನ್ನು ಮಾಡಿ ಮುಗಿಸಿರುತ್ತಾರೆ. ತಾವು ಬೇಡವೆಂದರೆ ಆ ಮಗು ಉಳಿಯುವುದಿಲ್ಲ. ಸಕಾಲಕ್ಕೆ ಹೊಂದುವವರು ಸಿಗದಿದ್ದರೆ ಆ ಹೆತ್ತವರು ಕೊಟ್ಟದ್ದೂ ವ್ಯರ್ಥವಾದೀತು. ಇದನ್ನು ಪಾಪವೆಂದು ಕರೆಯಲು ನಮಗೆ ಮನಸ್ಸು ಬರುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಮಾತ್ರ ಇರುವ ತೊಡಕೊಂದನ್ನೂ ಹೇಳಬೇಕು. ಹೊರತೆಗೆದ ಮೂತ್ರಪಿಂಡವನ್ನು ಒಂದು ದಿನದೊಳಗೆ, ಪುಟ್ಟ ಮಕ್ಕಳದ್ದಾದರೆ ಅದಕ್ಕೂ ಬೇಗ, ಜೋಡಿಸುವುದು ಒಳ್ಳೆಯದು. ಆ ಅವಧಿಯಲ್ಲೇ ರಕ್ತ ಹೊಂದಾಣಿಕೆಯ ಪರೀಕ್ಷೆಯೂ ಆಗಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಮೊಬೈಲ್ ಟವರ್ ಸತ್ತರೆ ತೋಟದ ಮನೆಗೆ ಕರೆ ಬರುವುದೇ ಇಲ್ಲ. ಕುಶಾಲನಗರದಲ್ಲೋ ಮೈಸೂರಿನಲ್ಲೋ ಇರುವ ನೆಂಟರ ಒಂದೆರಡು ನಂಬರನ್ನು ನೋಂದಣಿಯಲ್ಲಿ ಸೇರಿಸಿ, ರಾತ್ರಿ ಯಾವ ಹೊತ್ತಿಗೂ ಬರಲೊಪ್ಪುವ ವಾಹನದವರೊಬ್ಬರನ್ನು ಈಗಲೇ ಮಾತಾಡಿಟ್ಟುಕೊಳ್ಳಿ.

ಕೊನೆಯದಾಗಿ, ಇಷ್ಟು ದೀರ್ಘವಾದ ಪತ್ರದಲ್ಲಿ ಪತ್ನಿಯವರು ಏನು ಹೇಳಿದರೆಂಬುದು ಎಲ್ಲಿಯೂ ಇಲ್ಲ. ಸೂಜಿ ಚುಚ್ಚಿಸಿಕೊಂಡು ನಾಲ್ಕು ಗಂಟೆ ಮಲಗುವವರು ಅವರು, ಒಪ್ಪಿಗೆಗೆ ಸಹಿ ಹಾಕಬೇಕಾದವರೂ ಅವರೇ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋಗಿ, ಇಂಥ ಜೋಡಿ ಕಸಿಯನ್ನು ಅಲ್ಲಿ ಎಷ್ಟು ಮಾಡಿದ್ದಾರೆ, ಎಷ್ಟು ಕೈಗೂಡಿವೆ, ಹೆಪ್ಪುಗಟ್ಟಿದರೆ ಮುಂದೇನು, ಪಟ್ಟಿಯಲ್ಲಿ ಮತ್ತೆ ಯಾವ ಸ್ಥಾನ ಸಿಗುತ್ತದೆ ಎಂದು ಶಸ್ತ್ರವೈದ್ಯರನ್ನು ಅವರೆದುರಿಗೇ ಕೇಳಿ. ಅದನ್ನೆಲ್ಲ ಕೇಳಿಸಿಕೊಂಡ ಮೇಲೆ ಅವರು ಬೇಡವೆಂದರೆ ನಮ್ಮ ತಕರಾರಿಲ್ಲ. ಬೇಕೆಂದರೆ, ನೋಂದಣಿಯಲ್ಲಿ ತಾವು ಹೇಳಿ ಬಂದ ಉತ್ತರವನ್ನು ಅಂದೇ ತಿದ್ದಿಸಿ ಬನ್ನಿ.

ಸಂಪಾದಕ