ಎರಡು ಟಿಯರ್ (ಅಂತಸ್ತು) ಕೇಕನ್ನು ಜೋಡಿಸಿಕೊಂಡೇ ಕಾರಿನಲ್ಲಿ ಒಯ್ಯಬಹುದೇ? ಅಷ್ಟು ಎತ್ತರದ ಬಾಕ್ಸ್ ಸಿಗದಿದ್ದರೆ ಏನು ಮಾಡುವುದು?

ಒಯ್ಯಬಹುದು. ಕೆಳಗೆ 8 ಇಂಚು, ಮೇಲೆ 6 ಇಂಚು, ಎರಡೂ ತಲಾ 5 ಇಂಚು ಎತ್ತರ, 40 ನಿಮಿಷದ ದಾರಿ ಎಂದು ಬರೆದಿದ್ದೀರಿ. ಇಷ್ಟಕ್ಕೆ ಮನೆಯಲ್ಲೇ ಜೋಡಿಸಿ ಹೊರಡಬಹುದು. ಮೂರು ಟಿಯರ್ ಆಗಿದ್ದರೆ ಮೇಲಿನದನ್ನು ಬೇರೆ ಬಾಕ್ಸಿನಲ್ಲಿ ಒಯ್ದು ಅಲ್ಲೇ ಕೂರಿಸಿ ಎನ್ನುತ್ತಿದ್ದೆ. ಪ್ರಶ್ನೆ ಪೂರ್ತಿ ಬಾಕ್ಸಿನ ಬಗ್ಗೆಯೇ ಇದೆ. ಆದರೆ ಧೂಳು, ಬಿಸಿಲು, ಯಾರದೋ ಮೊಣಕೈ ತಾಗದಂತೆ ಮುಚ್ಚುವುದಷ್ಟೇ ಬಾಕ್ಸಿನ ಕೆಲಸ. ಕೇಕನ್ನು ಹಿಡಿದು ನಿಲ್ಲಿಸುವುದು ಅಡಿಯ ಬೋರ್ಡ್, ಒಳಗಿನ ಕಡ್ಡಿಗಳು ಮತ್ತು ಫ್ರಿಜ್ಜಿನ ತಂಪು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಈ ಗಾತ್ರದ ಕೇಕ್ ಕ್ರೀಮ್ ಸೇರಿ ಸುಮಾರು ನಾಲ್ಕು ಕೆಜಿ ತೂಗುತ್ತದೆ. ಅದರಲ್ಲಿ ಮೇಲಿನ ಟಿಯರ್ ಒಂದೇ ಒಂದೂವರೆ ಕೆಜಿ ಹತ್ತಿರ. ಕಾರಿನಲ್ಲಿ ಗಕ್ಕನೆ ಬ್ರೇಕ್ ಒತ್ತಿದರೆ, ಕೇಕನ್ನು 35 ಡಿಗ್ರಿಯಷ್ಟು ಓರೆಯಾಗಿ ಹಿಡಿದರೆ ಎಷ್ಟು ಎಳೆತ ಬೀಳುತ್ತದೋ ಅಷ್ಟು ಬೀಳುತ್ತದೆ. ಅಷ್ಟಕ್ಕೆ 8 ಇಂಚಿನ ತಳ ಮಗುಚುವುದಿಲ್ಲ, ಮೇಲಿನ ಟಿಯರ್ ಮಾತ್ರ ಕ್ರೀಮಿನ ಮೇಲೆ ಜಾರಿಬಿಡುತ್ತದೆ. (6 ಇಂಚು ಅಗಲ, 10 ಇಂಚು ಎತ್ತರದ ಒಂಟಿ ಕೇಕಿನ ಕಥೆ ಬೇರೆ. ಅಡಿಯ ಬೋರ್ಡಿಗೆ ಅಂಟಿಸದಿದ್ದರೆ ಅದು 30 ಡಿಗ್ರಿ ದಾಟುತ್ತಲೇ ಉರುಳುತ್ತದೆ. ಅದಕ್ಕೆ 5 ಇಂಚಿನ ಎತ್ತರದಲ್ಲಿ ಒಂದು ಒಳಬೋರ್ಡ್, ಕೆಳಗೆ ಅಗಲ ಬೋರ್ಡ್, ಎರಡೂ ಬೇಕೇ ಬೇಕು.)

ಅಡಿಗೆ 12 ಇಂಚಿನ ಚೌಕ ಡ್ರಮ್ ಬೋರ್ಡ್ (ಕೇಕ್ ಕೂರಿಸುವ ದಪ್ಪ ಹಲಗೆ), 12 ಮಿ.ಮೀ. ದಪ್ಪದ್ದು ತೆಗೆದುಕೊಳ್ಳಿ. ದುಂಡಗಿನ ಬೋರ್ಡ್ ಬಾಕ್ಸಿನೊಳಗೆ ತಿರುಗುತ್ತದೆ, ಚೌಕದ್ದು ತಿರುಗುವುದಿಲ್ಲ. ತೆಳು ಬೋರ್ಡ್ ಅಂತೂ ಬೇಡವೇ ಬೇಡ. ಎತ್ತುವಾಗ ಅದು ಒಂದಿಷ್ಟು ಬಾಗಿದರೂ ಸಾಕು, ಕೇಕಿನ ಬದಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ದಾರಿಯಲ್ಲಿ ಅದೇ ದೊಡ್ಡದಾಗುತ್ತದೆ. ಎರಡೂ ಟಿಯರ್‌ಗೆ ಅದರದೇ ಅಳತೆಯ ಕೇಕ್ ಕಾರ್ಡ್ (ಕೇಕಿನ ಅಡಿಗೆ ಇಡುವ ತೆಳು ರಟ್ಟು) ಇರಲಿ. ಕೆಳಗಿನ ಟಿಯರ್‌ನ ಕಾರ್ಡನ್ನು ಡ್ರಮ್ ಬೋರ್ಡಿಗೆ ಕರಗಿಸಿದ ಚಾಕೊಲೇಟಿನಿಂದ ಅಂಟಿಸಿ. ಬರೀ ಕ್ರೀಮ್ ಹಚ್ಚಿದರೆ ಬಿಸಿಗೆ ಅದು ಅಂಟಿನ ಬದಲು ಎಣ್ಣೆಯ ಕೆಲಸ ಮಾಡುತ್ತದೆ.

ಇನ್ನು ಕಡ್ಡಿಗಳು, ಅಂದರೆ ಡವೆಲ್. ನಿಧಾನ ಮಾಡಬೇಕಾದ ಜಾಗ ಇದು. ತಣ್ಣಗಾದ ಕೆಳಗಿನ ಟಿಯರ್ ಮೇಲೆ 6 ಇಂಚಿನ ಕಾರ್ಡನ್ನು ಮೆಲ್ಲಗೆ ಇಟ್ಟು ಸುತ್ತ ಗೀರು ಹಾಕಿಕೊಳ್ಳಿ. ಆ ಗೀರಿನಿಂದ ಒಂದು ಇಂಚು ಒಳಗೆ ಐದು ಕಡ್ಡಿ, ನಡುವಿನ ಜಾಗ ಖಾಲಿ. ಮೊದಲ ಕಡ್ಡಿಯನ್ನು ಬೋರ್ಡ್ ತಾಗುವವರೆಗೆ ನೇರ ಇಳಿಸಿ, ಕ್ರೀಮಿನ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ ಹೊರಗೆಳೆಯಿರಿ. ಹೀಗೆಯೇ ಐದೂ ಕಡೆ ಅಳೆಯಿರಿ. ಮಟ್ಟ ಒಂದೇ ಸಮ ಇರುವುದು ಅಪರೂಪ, ಎರಡು ಮೂರು ಮಿ.ಮೀ. ವ್ಯತ್ಯಾಸ ಬರುತ್ತದೆ. ಆಗ ಒಂದೊಂದನ್ನು ಒಂದೊಂದು ಅಳತೆಗೆ ಕತ್ತರಿಸುವುದೇ ದೊಡ್ಡ ತಪ್ಪು, ಮೇಲಿನ ಟಿಯರ್ ಓರೆಯಾಗಿ ಕೂರುತ್ತದೆ. ಎಲ್ಲಕ್ಕಿಂತ ಎತ್ತರದ ಗುರುತು ಯಾವುದೋ ಅದೇ ಅಳತೆಗೆ ಐದನ್ನೂ ಕತ್ತರಿಸಿ, ತಗ್ಗಿರುವ ಕಡೆ ಕ್ರೀಮ್ ತುಂಬಿ. ಕಡ್ಡಿ ಗಿಡ್ಡವಾದರೆ ಮೇಲಿನ ಟಿಯರ್‌ನ ಭಾರ ಕೇಕಿನ ಮೇಲೆ ಬಿದ್ದು ಕೆಳಗಿನದು ನಡುವೆ ಉಬ್ಬುತ್ತದೆ. ಎರಡು ಟಿಯರ್ ಸೇರುವ ಕಡೆ ಕ್ರೀಮಿನಲ್ಲಿ ಬಳೆಯಂತೆ ಸುತ್ತ ಬಿರುಕು ಕಂಡರೆ ಕಾರಣ ಬಹುಪಾಲು ಇದೇ. ಕಡ್ಡಿಗೆ 6 ಮಿ.ಮೀ. ಮರದ್ದು ಆಗಬಹುದು, ಬಬಲ್ ಟೀ ಕುಡಿಯುವ ದಪ್ಪ ಸ್ಟ್ರಾ ಕೂಡ ಈ ತೂಕಕ್ಕೆ ಸಾಕು, ಕತ್ತರಿಯಲ್ಲೇ ಕತ್ತರಿಸಬಹುದು.

ಜಾರುವುದನ್ನು ತಡೆಯುವುದು ಮಾತ್ರ ನಡುವಿನ ಉದ್ದ ಕಡ್ಡಿ. ಒಂಬತ್ತೂವರೆ ಇಂಚಿನ ಮರದ ಕಡ್ಡಿಯ ಒಂದು ತುದಿಯನ್ನು ಹೊಸ ಪೆನ್ಸಿಲ್ ಶಾರ್ಪನರ್‌ನಲ್ಲಿ ಚೂಪು ಮಾಡಿ, ಒರೆಸಿ. ಮೇಲಿನ ಟಿಯರ್‌ನ ಕಾರ್ಡಿಗೆ ಕೇಕ್ ಕಟ್ಟುವ ಮೊದಲೇ ನಡುವೆ ತೂತು ಮಾಡಿಟ್ಟಿದ್ದರೆ ಕೆಲಸ ಸಲೀಸು. ಜೋಡಿಸಿದ ಮೇಲೆ ಕಡ್ಡಿಯನ್ನು ಮೇಲಿಂದ ಇಳಿಸಿ, ಕೆಳಗಿನ ಕಾರ್ಡ್ ತಾಗಿದ ಮೇಲೆ ಅದರ ತಲೆಗೆ ಇನ್ನೊಂದು ಕಡ್ಡಿಯ ತುಂಡು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಕಾರ್ಡ್ ತೂತಾಗಿ ತುದಿ ಡ್ರಮ್ ಬೋರ್ಡಿನೊಳಗೆ ಕಚ್ಚಿಕೊಳ್ಳುವುದು ಕೈಗೇ ಗೊತ್ತಾಗುತ್ತದೆ. ಮೇಲೆ ಉಳಿದ ತೂತನ್ನು ಕ್ರೀಮಿನಿಂದ ಮುಚ್ಚಿದರಾಯಿತು. ಕತ್ತರಿಸುವವರಿಗೆ ಒಳಗೆ ಎಷ್ಟು ಕಡ್ಡಿ ಇವೆ ಎಂದು ಬರೆದುಕೊಡಲು ಮರೆಯಬೇಡಿ.

ಜೋಡಿಸುವ ಮೊದಲು ಎರಡೂ ಟಿಯರ್ ಕನಿಷ್ಠ ನಾಲ್ಕು ಗಂಟೆ, ಜೋಡಿಸಿದ ಮೇಲೆ ಒಂದು ರಾತ್ರಿ ಪೂರ್ತಿ 4 ಡಿಗ್ರಿಯ ಫ್ರಿಜ್ಜಿನಲ್ಲಿರಲಿ. ಬೆಣ್ಣೆ 20 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, 32ರಿಂದ 35ಕ್ಕೆ ಕರಗುತ್ತದೆ. ಬಟರ್‌ಕ್ರೀಮ್ ಅಥವಾ ಗನಾಶ್ (ಚಾಕೊಲೇಟ್, ಕ್ರೀಮ್ ಕಲಸಿದ್ದು) ಹೊರಪದರ ತಂಪಿಗೆ ಚಿಪ್ಪಿನಂತೆ ಗಟ್ಟಿಯಾಗುತ್ತದೆ. ಗನಾಶ್ ಆದರೆ ಡಾರ್ಕ್ ಚಾಕೊಲೇಟ್ ಎರಡು ಪಾಲು, ಕ್ರೀಮ್ ಒಂದು ಪಾಲು; ವೈಟ್ ಚಾಕೊಲೇಟ್ ಮೂರು ಪಾಲಿಗೆ ಒಂದು. ಎರಡೂ ತೂಕದ ಲೆಕ್ಕ. ಬರೀ ವಿಪ್ಪಿಂಗ್ ಕ್ರೀಮಿನ ಕೇಕ್ ಎಷ್ಟು ಹೊತ್ತು ಇಟ್ಟರೂ ಹಾಗೆ ಗಟ್ಟಿಯಾಗುವುದಿಲ್ಲ. ಅದನ್ನು ಜೋಡಿಸಿ ಒಯ್ಯಬೇಡಿ ಎಂದೇ ನನ್ನ ಸಲಹೆ, ಎರಡು ಬಾಕ್ಸ್ ಮಾಡಿ. ಹಾಗೆಯೇ ನಿಮ್ಮ ಫ್ರಿಜ್ಜಿನ ತಟ್ಟೆ ತೆಗೆದರೆ ಒಳಗೆ 13 ಇಂಚು ಎತ್ತರದ ಜಾಗ ಇದೆಯೇ ಎಂದು ಆರ್ಡರ್ ಒಪ್ಪುವ ಮೊದಲೇ ಟೇಪ್ ಹಿಡಿದು ನೋಡಿ.

ಈಗ ಬಾಕ್ಸ್. ಬೋರ್ಡ್ ಅರ್ಧ ಇಂಚು, ಕೇಕ್ 10, ಮೇಲೆ ಒಂದೂವರೆ ಇಂಚು ಖಾಲಿ. ಒಳ ಎತ್ತರ 12 ಇಂಚು. ಒಳ ಅಗಲ ಬೋರ್ಡಿಗಿಂತ ಕಾಲು ಇಂಚು ಮಾತ್ರ ಹೆಚ್ಚು. ಐದು ಪದರದ ಕೊರಗೇಟೆಡ್ ರಟ್ಟು ತಂದು ಒಂದು ತಳ, ನಾಲ್ಕು ಗೋಡೆ ಕತ್ತರಿಸಿ. ರಟ್ಟಿನೊಳಗಿನ ಅಲೆಗೆರೆಗಳು ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ನಿಲ್ಲಬೇಕು. ಅಡ್ಡ ಬಂದರೆ ಗೋಡೆ ಒಂದು ಒತ್ತಿಗೆ ಮಡಚಿಕೊಳ್ಳುತ್ತದೆ. ತಳಕ್ಕೆ ಎರಡು ರಟ್ಟು ಅಂಟಿಸಿ, ಗೆರೆಗಳು ಒಂದಕ್ಕೊಂದು ಅಡ್ಡಡ್ಡ ಇರಲಿ. ಮೂರು ಗೋಡೆಗಳನ್ನು ಒಳಗೂ ಹೊರಗೂ ಪ್ಯಾಕಿಂಗ್ ಟೇಪ್ ಹಾಕಿ ನಿಲ್ಲಿಸಿ. ನಾಲ್ಕನೆಯದಕ್ಕೆ ಕೆಳ ಅಂಚಿಗೆ ಮಾತ್ರ ಟೇಪ್. ಅದು ಬಾಗಿಲಿನಂತೆ ಮುಂದಕ್ಕೆ ಮಲಗಬೇಕು. ಕೇಕನ್ನು ಮೇಲಿಂದ ಇಳಿಸಲು ಹೋದರೆ ಬೆರಳು ಹೊರತೆಗೆಯಲು ಜಾಗವೇ ಇರುವುದಿಲ್ಲ, ಬದಿಯ ಕ್ರೀಮ್ ಕೆಡುವುದು ಅಲ್ಲೇ. ಮಲಗಿದ ಬಾಗಿಲ ಮೇಲಿಂದ ಬೋರ್ಡನ್ನು ಒಳಕ್ಕೆ ತಳ್ಳಿ, ಬಾಗಿಲು ಎತ್ತಿ, ಎರಡು ಬದಿಗೂ ಟೇಪ್ ಹಾಕಿ. ಮುಚ್ಚಳಕ್ಕೆ ಸುತ್ತ ಎರಡು ಇಂಚು ಇಳಿಯುವ ಅಂಚು ಸಾಕು.

ಕೇಕ್ ಇಡುವ ಮೊದಲು ಖಾಲಿ ಬೋರ್ಡ್ ಇಟ್ಟು ಬಾಕ್ಸನ್ನು ಮೇಜಿನ ಮೇಲೆ ಹಿಂದೆ ಮುಂದೆ ಜಗ್ಗಿ ನೋಡಿ. ಟಕ್ ಟಕ್ ಎಂದರೆ ಸಂದಿ ಇದೆ, ಆ ಬದಿಗೆ ರಟ್ಟಿನ ಪಟ್ಟಿ ತುರುಕಿ. ಎತ್ತುವಾಗ ಎರಡೂ ಕೈ ತಳದ ಕೆಳಗಿರಲಿ, ಬದಿ ಹಿಡಿದು ಎತ್ತಬೇಡಿ.

ಕಾರಿನ ಸೀಟು ಹಿಂದಕ್ಕೆ ಇಳಿಜಾರು, ಅಲ್ಲಿ ಇಡಬೇಡಿ. ತೊಡೆಯ ಮೇಲೆ ಇನ್ನೂ ಬೇಡ, ಮಟ್ಟವೂ ಇಲ್ಲ, ಮೈ ಬಿಸಿಯೂ ತಾಗುತ್ತದೆ. ಒಳಗಿನ ಎಸಿ ಗಾಳಿ ತಲುಪುವ ಡಿಕ್ಕಿಯ ಸಮತಟ್ಟಾದ ನೆಲ ಒಳ್ಳೆಯದು. ಇಲ್ಲದಿದ್ದರೆ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ಕಾಲಿಡುವ ಜಾಗ, ತಗ್ಗಿದ್ದ ಕಡೆ ಮಡಚಿದ ಟವೆಲ್. ಬಾಕ್ಸಿನ ಕೆಳಗೆ ಜಾರದ ರಬ್ಬರ್ ಮ್ಯಾಟ್ ಹಾಸಿ. ಹೊರಡುವ 15 ನಿಮಿಷ ಮೊದಲೇ ಎಸಿ ಹಾಕಿ, ಗಾಳಿ ನೇರ ಬಾಕ್ಸಿಗೆ ಬಡಿಯದಿರಲಿ. ತಿರುವಿನಲ್ಲಿ ನಿಧಾನ, ರಸ್ತೆ ಉಬ್ಬಿನಲ್ಲಿ ನಡಿಗೆಯ ವೇಗ. ಮುಂದಿನ ಗಾಡಿಯಿಂದ ಎಂದಿಗಿಂತ ಎರಡು ಪಟ್ಟು ದೂರ ಬಿಡಿ, ಗಕ್ಕನೆ ಬ್ರೇಕ್ ಒತ್ತುವ ಪ್ರಸಂಗವೇ ಬರಬಾರದು.

ಟಾಪರ್, ಹೂವು, ಚಾಕೊಲೇಟ್ ಹಾಳೆ, ಮ್ಯಾಕರೂನ್ ಎಲ್ಲ ಬೇರೆ ಡಬ್ಬಿಯಲ್ಲಿ ಬರಲಿ. ಜೊತೆಗೆ ಅದೇ ಬಣ್ಣದ ಕ್ರೀಮ್ ತುಂಬಿದ ಪೈಪಿಂಗ್ ಬ್ಯಾಗ್, ಸಣ್ಣ ಪ್ಯಾಲೆಟ್ ನೈಫ್, ಟಿಶ್ಯೂ, ಟೇಪ್ ಕತ್ತರಿಸಲು ಕಟರ್. ತಲುಪಿದ ಮೇಲೆ ಬಾಗಿಲಿನ ಟೇಪ್ ಕತ್ತರಿಸಿ, ಗೋಡೆ ಮಲಗಿಸಿ, ಬೋರ್ಡನ್ನು ಎಳೆದುಕೊಳ್ಳಿ. ಬಟರ್‌ಕ್ರೀಮ್ ಮೇಲೆ ಸಣ್ಣ ಬೆವರು ಕಂಡರೆ ಒರೆಸಬೇಡಿ, ತಾನೇ ಆರುತ್ತದೆ. ಫಾಂಡೆಂಟ್ (ಲಟ್ಟಿಸಿದ ಸಕ್ಕರೆ ಹಿಟ್ಟಿನ ಹೊದಿಕೆ) ಹೊದಿಸಿದ್ದಾದರೆ ಬಾಕ್ಸನ್ನು ಒಂದೆರಡು ಗಂಟೆ ಮುಚ್ಚಿಯೇ ಇಡಿ. ಕೇಕ್ ಒಳಗೇ ನಿಧಾನ ಬೆಚ್ಚಗಾದರೆ ನೀರು ಬಾಕ್ಸಿನ ಹೊರಮೈಗೆ ಕೂರುತ್ತದೆ; ತಣ್ಣಗಿರುವಾಗಲೇ ತೆರೆದರೆ ಫಾಂಡೆಂಟ್ ಮೇಲೆ ಕೂತು ಅಂಟಂಟಾಗುತ್ತದೆ, ಬಣ್ಣವೂ ಇಳಿಯುತ್ತದೆ.